ಸ್ವಂತ ಕ್ಲಿನಿಕ್ ಇಡಬೇಕೆಂದಿರುವವರು ಯಾವ ಡಿಪಿಟಿ (ಡಾಕ್ಟರ್ ಆಫ್ ಫಿಸಿಕಲ್ ಥೆರಪಿ) ಶಾಲೆ ಸೇರಬೇಕು? ಅಮೆರಿಕದ ಫಿಸಿಕಲ್ ಥೆರಪಿಸ್ಟ್ (ಪಿ.ಟಿ.) ಜೊತೆ ಗುಂಪಿನಲ್ಲಿ ಪ್ರಶ್ನೋತ್ತರ

ವಿದ್ಯಾರ್ಥಿನಿ: ಮೇಡಂ, ಎರಡು ಕಡೆ ಸೀಟು ಸಿಕ್ಕಿದೆ. ಒಂದು ಸ್ಟೇಟ್ ಯೂನಿವರ್ಸಿಟಿ, ಫೀಸು ಕಡಿಮೆ. ಇನ್ನೊಂದು ಖಾಸಗಿ, ಲ್ಯಾಬ್ ತುಂಬಾ ಚೆನ್ನಾಗಿದೆ. ಓದು ಮುಗಿದು ಐದು ವರ್ಷಕ್ಕೆ ನನ್ನದೇ ಕ್ಲಿನಿಕ್ ಆಗಬೇಕು. ಯಾವುದು ಸೇರಲಿ?

ಪಿ.ಟಿ.: ಎರಡಕ್ಕೂ ಕ್ಯಾಪ್ಟೆ (ಪಿ.ಟಿ. ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಮಾನ್ಯತೆ ಇದ್ದರೆ ಫೀಸು ಕಡಿಮೆ ಇರುವುದಕ್ಕೇ ಸೇರಿ. ಕ್ಲಿನಿಕ್ ಸಾಲಕ್ಕೆ ಹೋದಾಗ ಬ್ಯಾಂಕಿನವರು ನೋಡುವುದು ಓದಿನ ಸಾಲದ ಕಂತನ್ನು. ಇನ್ಶೂರೆನ್ಸ್ ಕಂಪನಿಗಳ ಪ್ಯಾನಲ್‌ಗೆ ಸೇರಲು ಮೂರು ನಾಲ್ಕು ತಿಂಗಳು ಹಿಡಿಯುತ್ತೆ, ಅಲ್ಲಿಯವರೆಗೆ ಬಾಡಿಗೆ ಕೈಯಿಂದಲೇ. 2026ರ ಜುಲೈ 1ರಿಂದ ಹೊಸಬರಿಗೆ ಗ್ರಾಡ್ ಪ್ಲಸ್ ಎಂಬ ಫೆಡರಲ್ ಶಿಕ್ಷಣ ಸಾಲವೂ ಇಲ್ಲ. ನಿಮಗೆ ಫೆಡರಲ್ ಸಾಲ ವರ್ಷಕ್ಕೆ ಎಷ್ಟರವರೆಗೆ ಸಿಗುತ್ತೆ ಅಂತ ಫೈನಾನ್ಷಿಯಲ್ ಏಡ್ ಆಫೀಸಿನಿಂದ ಬರಹದಲ್ಲಿ ತರಿಸಿಕೊಳ್ಳಿ.

ಒಬ್ಬ ತಂದೆ: ರ‍್ಯಾಂಕಿಂಗ್‌ನಲ್ಲಿ ಮೇಲಿರುವ ಶಾಲೆ ಅಲ್ಲವೇ ಒಳ್ಳೆಯದು?

ಪಿ.ಟಿ.: ಅಲ್ಲ. ಲೈಸೆನ್ಸ್ ಪರೀಕ್ಷೆಯಾದ ಎನ್‌ಪಿಟಿಇಯ ಪಾಸ್ ಪ್ರಮಾಣ ನೋಡಿ. ಪ್ರತಿ ಶಾಲೆಯೂ ವೆಬ್‌ಸೈಟಿನಲ್ಲಿ ಹಾಕಲೇಬೇಕು.

ಇನ್ನೊಬ್ಬ ವಿದ್ಯಾರ್ಥಿ: ನಾನು ಹೊಸ ಶಾಲೆಯೊಂದಕ್ಕೆ ಡೆಪಾಸಿಟ್ ಕಟ್ಟಿದ್ದೇನೆ. ಮೊದಲ ಬ್ಯಾಚು. ‘ಕ್ಯಾಂಡಿಡೇಟ್ ಫಾರ್ ಅಕ್ರೆಡಿಟೇಶನ್’ ಅಂತಿದೆ. ತೊಂದರೆ ಇಲ್ಲ ತಾನೇ?

ಪಿ.ಟಿ.: ಇದು ನನಗೆ ಚಿಂತೆಯ ವಿಷಯ, ಪೂರ್ತಿ ಓದಿ. ಅದು ಮಾನ್ಯತೆ ಅಲ್ಲ, ಮಾನ್ಯತೆಯ ಹಾದಿಯಲ್ಲಿದ್ದಾರೆ ಅಂತಷ್ಟೇ. ಕೊನೆಯ ತೀರ್ಮಾನ ಬರುವುದು ಮೊದಲ ಬ್ಯಾಚು ಮುಗಿಯುವ ಹೊತ್ತಿಗೆ. ಆಗ ಸಿಗದಿದ್ದರೆ ಡಿಗ್ರಿ ಕೈಯಲ್ಲಿದ್ದೂ ಲೈಸೆನ್ಸಿನ ದಾರಿ ಮುಚ್ಚಬಹುದು, ಲೈಸೆನ್ಸ್ ಇಲ್ಲದೆ ಕ್ಲಿನಿಕ್ಕಿನ ಮಾತೇ ಇಲ್ಲ. ಹೊಸ ಶಾಲೆಗಳಲ್ಲಿ ಎಷ್ಟೋ ಮಾನ್ಯತೆ ಪಡೆಯುತ್ತವೆ, ನಿಜ. ಆದರೆ ಇಲ್ಲಿ ಪಣಕ್ಕಿಡುವುದು ನಿಮ್ಮ ಮೂರು ವರ್ಷ. ಹಾಗಾಗಿ ಮೂರು ಉತ್ತರ ಬರಹದಲ್ಲಿ ಕೇಳಿ: ಮಾನ್ಯತೆ ಸಿಗದಿದ್ದರೆ ವಿದ್ಯಾರ್ಥಿಗಳನ್ನು ಏನು ಮಾಡುತ್ತೀರಿ, ಫೀಸು ಎಷ್ಟು ವಾಪಸ್ ಕೊಡುತ್ತೀರಿ, ಕ್ಲಿನಿಕಲ್ ಪೋಸ್ಟಿಂಗ್‌ಗೆ ಎಷ್ಟು ಕಡೆ ಒಪ್ಪಂದಕ್ಕೆ ಸಹಿ ಆಗಿದೆ. ‘ಮಾತುಕತೆ ನಡೀತಿದೆ’ ಅಂದರೆ ಲೆಕ್ಕಕ್ಕಿಲ್ಲ. ಜಾಗ ಸಾಲದೆ ಹೋದರೆ ಪೋಸ್ಟಿಂಗ್ ಮುಂದಕ್ಕೆ ಹೋಗುತ್ತೆ, ಅದರ ಹಿಂದೆ ಪರೀಕ್ಷೆಯೂ. ಕೊನೆಯ ಪೋಸ್ಟಿಂಗ್ ಪಿ.ಟಿ.ಯೇ ಮಾಲೀಕರಾಗಿರುವ ಔಟ್‌ಪೇಷಂಟ್ ಕ್ಲಿನಿಕ್ಕಿನಲ್ಲಿ ಸಿಗುತ್ತಾ ಅಂತಲೂ ಕೇಳಿ. ಬಿಲ್ಲಿಂಗ್ ಅರ್ಥವಾಗುವುದು ಅಲ್ಲೇ. ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್‌ನಲ್ಲಿ ನಿಮಿಷದ ಲೆಕ್ಕದ ಚಿಕಿತ್ಸೆ 22 ನಿಮಿಷ ಕೊಟ್ಟರೆ 1 ಯೂನಿಟ್ ಬಿಲ್, 23 ಆದರೆ 2. ಪಿಟಿಎ (ಪಿ.ಟಿ.ಯ ಸಹಾಯಕರು) ಕೊಟ್ಟ ಚಿಕಿತ್ಸೆಗೆ 2022ರಿಂದ ಮಾಮೂಲಿ ದರದ ಶೇ. 85 ಮಾತ್ರ. ಇದು ಗೊತ್ತಿಲ್ಲದೆ ಸಿಬ್ಬಂದಿ ಇಟ್ಟುಕೊಂಡವರು ತಿಂಗಳ ಕೊನೆಗೆ ಸಂಬಳಕ್ಕೆ ಪರದಾಡುತ್ತಾರೆ.

ಸದಸ್ಯ 1: ಡಿಪಿಟಿ ಜೊತೆ ಎಂಬಿಎ ಕೊಡುವ ಕಡೆಗೇ ಸೇರಿ. ಬಿಸಿನೆಸ್ ಬರದೆ ಕ್ಲಿನಿಕ್ ನಡೆಯಲ್ಲ.

ಸದಸ್ಯೆ 2: ಅದಕ್ಕೆ ಇನ್ನಷ್ಟು ಸಾಲ ಬೇಕಲ್ಲ ಸರ್? ಕ್ಲೇಮ್ ಯಾಕೆ ತಿರಸ್ಕಾರ ಆಯ್ತು ಅಂತ ಎಂಬಿಎಯಲ್ಲಿ ಹೇಳಿಕೊಡಲ್ಲ.

ಸದಸ್ಯ 1: ಬ್ಯಾಲೆನ್ಸ್ ಶೀಟ್ ಓದೋಕೆ ಬರದವರಿಗೆ ಕ್ಲೇಮ್ ಇಟ್ಕೊಂಡು ಏನುಪಯೋಗ?

ಸದಸ್ಯೆ 2: ಅದನ್ನ ಅಕೌಂಟೆಂಟ್ ಓದ್ತಾರೆ. ನೋಟ್ಸ್ ಬರೆಯೋದು ಪಿ.ಟಿ. ತಾನೇ?

ಸದಸ್ಯ 1: ಎಲ್ಲದಕ್ಕೂ ಅಡ್ಡ ಮಾತಾಡಬೇಡಿ. ನಾನು ಉತ್ತರ ಕೊಟ್ಟಿದ್ದು ನಿಮಗಲ್ಲ.

ಭಾರತದಲ್ಲಿ ಬಿಪಿಟಿ ಮಾಡಿದವರು: ಎಫ್‌ಸಿಸಿಪಿಟಿ (ವಿದೇಶಿ ಪಿ.ಟಿ. ಡಿಗ್ರಿ ಪರಿಶೀಲಿಸುವ ಸಂಸ್ಥೆ) ಮೌಲ್ಯಮಾಪನ ಮಾಡಿಸಬೇಕೋ, ಇಲ್ಲಿ ಮತ್ತೆ ಡಿಪಿಟಿ ಓದಬೇಕೋ?

ಸದಸ್ಯ 3: ವಾಟ್ಸಾಪಲ್ಲಿ ಬಂದಿದ್ದು: “50 ರಾಜ್ಯಗಳಲ್ಲೂ ಡೈರೆಕ್ಟ್ ಆಕ್ಸೆಸ್ ಇದೆ. ಡಾಕ್ಟರ ಚೀಟಿ ಬೇಡ, ಮೆಡಿಕೇರ್ ಬೇಡ, ಹಿರಿಯರಿಂದ ನಗದು ತಗೊಂಡು ಕ್ಲಿನಿಕ್ ನಡೆಸಿ.”

ಪಿ.ಟಿ.: ದಯವಿಟ್ಟು ಇದನ್ನು ಯಾರಿಗೂ ಕಳಿಸಬೇಡಿ. ಡೈರೆಕ್ಟ್ ಆಕ್ಸೆಸ್ ಇದೆ, ಆದರೆ ಹಲವು ರಾಜ್ಯಗಳಲ್ಲಿ ಇಷ್ಟೇ ದಿನ, ಇಷ್ಟೇ ಭೇಟಿ ಅಂತ ಮಿತಿ ಇದೆ. ಡಾಕ್ಟರುಗಳ ಹಾಗೆ ಮೆಡಿಕೇರ್‌ನಿಂದ ಹೊರಗುಳಿಯುವ ಆಯ್ಕೆ ಪಿ.ಟಿ.ಗಳಿಗೆ ಕಾನೂನಿನಲ್ಲಿ ಇಲ್ಲ. ಮೆಡಿಕೇರ್ ಕೊಡುವ ಚಿಕಿತ್ಸೆಗೇ ಆ ಹಿರಿಯರಿಂದ ನಗದು ತಗೊಂಡರೆ ದಂಡ ಬೀಳಬಹುದು, ಲೈಸೆನ್ಸಿಗೂ ಕುತ್ತು. ಫಾರ್ವರ್ಡ್ ಮಾಡಿದವರು ದಂಡ ಕಟ್ಟಲು ಬರಲ್ಲ.

ಸದಸ್ಯ 3: ಮಾಹಿತಿಗೆ ಹಾಕಿದೆ ಅಷ್ಟೇ, ಬೈಯುವುದು ಯಾಕೆ?

ಪಿ.ಟಿ.: ಅದು ಮಾಹಿತಿ ಅಲ್ಲ, ತಪ್ಪು. ತೆಗೆಯಿರಿ.

ಸದಸ್ಯ 4: ಮೇಡಂ, ಟಾಪ್ 10 ರ‍್ಯಾಂಕ್ ಶಾಲೆಗಳ ಪಟ್ಟಿ ಹಾಕ್ತೀರಾ?

ಪಿ.ಟಿ.: ಮೇಲೆ ಓದಿ.

ಇನ್ನೊಬ್ಬ ವಿದ್ಯಾರ್ಥಿ: ಶಾಲೆಗೆ ಫೋನ್ ಮಾಡಿದೆ ಮೇಡಂ. ಎಲ್ಲಾ ಸರಿಹೋಗುತ್ತೆ, ಬರಹದಲ್ಲಿ ಏನೂ ಕೊಡೋಕಾಗಲ್ಲ ಅಂದರು.

ಪಿ.ಟಿ.: ಹಾಗಾದರೆ ಮುಂದಿನ ಕಂತು ಕಟ್ಟಬೇಡಿ. ಡೆಪಾಸಿಟ್ ವಾಪಸ್ ಪಡೆಯುವ ಕೊನೆಯ ದಿನಾಂಕ ಇವತ್ತೇ ನೋಡಿ ಇಲ್ಲಿ ಬರೆಯಿರಿ.