ಕಾವು ತಡೆಯುವುದು, ಕಾವು ಹಿಡಿಯುವುದು: ಎರಡು ಪದ ಬೇಕು

ಎಲ್ಲರಿಗೂ ನಮಸ್ಕಾರ.

ಕಾರ್ಖಾನೆಯಲ್ಲಿ ಖೋಲಿ ಖೋಲಿಯಾಗಿ ತಯಾರಾಗಿ, ಲಾರಿಯಲ್ಲಿ ಬಂದು ಜೋಡಣೆಯಾಗುವ ಕಟ್ಟಿಗೆ ಮನೆಗಳ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. (ಮೊದಲು ‘ಮರದ ಮನೆ’ ಎಂದೇ ಬರೆದಿದ್ದೆ. ಧಾರವಾಡದ ಕಡೆ ಮರ ಅಂದರೆ ಕಾಳು ಕೇರುವ ಮರ. ನಿಂತದ್ದು ಗಿಡ, ಕಡಿದದ್ದು ಕಟ್ಟಿಗಿ. ಬೆಂಗಳೂರಿನವರಿಗೆ ಕಟ್ಟಿಗೆ ಅಂದರೆ ಒಲೆಯ ಸೌದೆ ಅನ್ನಿಸೀತು, ಗೊತ್ತಿದೆ.)

ತೊಡಕು ಬಂದದ್ದು ‘ಥರ್ಮಲ್ ಇನ್ಸುಲೇಶನ್’ (ಕಾವು ದಾಟದಂತೆ ತಡೆಯುವುದು) ಮತ್ತು ‘ಥರ್ಮಲ್ ಮಾಸ್’ (ಕಾವನ್ನು ಹೀರಿ ಹಿಡಿದಿಟ್ಟುಕೊಳ್ಳುವ ಗುಣ) ಹತ್ತಿರ. ಎರಡಕ್ಕೂ ‘ಉಷ್ಣ ನಿರೋಧಕ’ ಎಂದೇ ಬರೆದು, ಪರಿಚಯದ ಬಡಿಗೇರರಿಗೆ ಓದಿ ಹೇಳಿದೆ. ಅವರು ಕೇಳಿದರು: “ಅಕ್ಕಾರ, ಈ ಗ್ವಾಡಿ ಕಾವು ತಡೀತೈತೋ, ಹಿಡೀತೈತೋ? ಎರಡೂ ಬ್ಯಾರೆ ನೋಡ್ರಿ.”

ಬೇರೆಯೇ. ಪೈನ್‌ನಂಥ ಕಟ್ಟಿಗೆಯಲ್ಲಿ ಶಾಖ ಹರಿಯುವುದು ಇಟ್ಟಿಗೆಗಿಂತ ಐದಾರು ಪಟ್ಟು ಕಡಿಮೆ. ಗೋಡೆ ತೆಳ್ಳಗಿದ್ದರೂ ಹೊರಗಿನ ಝಳ ತಡೆಯುತ್ತದೆ. ಆದರೆ ಅದು ಹಗುರ. ಕಿಟಕಿಯಿಂದ ಒಳಬಿದ್ದ ಬಿಸಿಲನ್ನು ಹೀರಿಟ್ಟುಕೊಳ್ಳುವ ತೂಕ ಅದಕ್ಕಿಲ್ಲ, ಒಳಗಿನ ಗಾಳಿ ಬೇಗ ಕಾಯುತ್ತದೆ. ನೆರಳು, ಎದುರುಬದುರು ಕಿಟಕಿ ಇಲ್ಲದಿದ್ದರೆ ಕುದಿ ತಾಳಲಾಗದು. ನವಲಗುಂದದ ಅಜ್ಜಿಯ ಮನೆಯ ಎರಡು ಫೂಟಿನ ಮಣ್ಣಿನ ಗೋಡೆ ಇದಕ್ಕೆ ತದ್ವಿರುದ್ಧ. ಏಪ್ರಿಲ್ ಮಧ್ಯಾಹ್ನ ಹೊರಗೆ 37 ಡಿಗ್ರಿ ಇದ್ದರೂ ಬೆನ್ನು ಆನಿಸಿದರೆ ತಂಪು. ರಾತ್ರಿ ಹತ್ತಕ್ಕೆ ಅದೇ ಗೋಡೆಗೆ ಅಂಗೈ ಇಟ್ಟರೆ ಬೆಚ್ಚಗೆ. “ಗ್ವಾಡಿ ಈಗ ಕಾವು ಬಿಡಾಕತ್ತೈತಿ” ಅಂತ ಅಜ್ಜಿ ಹಾಸಿಗೆಯನ್ನು ಮಾಳಿಗೆಗೆ ಹೊರಿಸುತ್ತಿದ್ದಳು.

‘ಕಾವು’ ಪದವನ್ನೇ ಇಟ್ಟುಕೊಳ್ಳಬೇಕೆಂದು ನನ್ನ ಆಸೆ. ಕೋಳಿ ಕಾವಿಗೆ ಕೂಡುತ್ತದೆ, ಹಂಚು ಕಾವು ಹಿಡಿಯುತ್ತದೆ. ನಿಧಾನ ಏರಿ ಹೊತ್ತುಗಟ್ಟಲೆ ಉಳಿಯುವ ಬಿಸಿ ಅದರಲ್ಲಿದೆ, ‘ಉಷ್ಣ’ದಲ್ಲಿಲ್ಲ. ಮೊದಲನೆಯದಕ್ಕೆ ‘ಕಾವುತಡೆ’ ಒಗ್ಗುತ್ತದೆ. ಎರಡನೆಯದಕ್ಕೆ ‘ಕಾವುಹಿಡಿತ’ ಅಂದರೆ ಕಾವನ್ನು ಹತೋಟಿಯಲ್ಲಿಡುವುದು ಎಂಬ ಅರ್ಥ ಬರುತ್ತದೆ. ‘ಉಷ್ಣಧಾರಣ ಸಾಮರ್ಥ್ಯ’ ಪಠ್ಯಪುಸ್ತಕಕ್ಕೆ ಸರಿ, ಬಡಿಗೇರರ ಮುಂದೆ ನಿಲ್ಲದು. ಕಾವು ಒಳಮುಟ್ಟಲು ಹಿಡಿಯುವ ಹೊತ್ತಿಗೂ ಹೆಸರು ಬೇಕು: ‘ಕಾವಿನ ತಡ’ ಅನ್ನೋಣವೆಂದರೆ ‘ತಡೆ’ಗೂ ‘ತಡ’ಕ್ಕೂ ಒಂದೇ ಸ್ವರದ ಅಂತರ, ಅಚ್ಚಿನಲ್ಲಿ ಖಂಡಿತ ಅದಲುಬದಲಾಗುತ್ತದೆ.

ಗದಗ, ಹಾವೇರಿ ಕಡೆಯ ಗೌಂಡಿಗಳು ‘ಈ ಗೋಡೆ ಕಾವನ್ನು ಸಂಜೆತನಕ ಇಟ್ಟುಕೊಳ್ಳುತ್ತದೆ’ ಎನ್ನುವುದಕ್ಕೆ ಒಂದೇ ಮಾತಿನಲ್ಲಿ ಏನನ್ನುತ್ತಾರೆ? ಕೇಳಿದವರಿದ್ದರೆ, ಅವರು ಆಡಿದ ಹಾಗೆಯೇ ಬರೆದು ತಿಳಿಸಿ.