ರಾಸಾಯನಿಕ ಸೋಕದ ಕೂದಲಿನ ಪೊರಾಸಿಟಿಯನ್ನು ಗುರುತಿಸುವುದು ಹೇಗೆ? ಅನುಭವ ಹಂಚಿಕೊಳ್ಳಿ

ಪ್ರಶ್ನೆ

ಮೂರು ವರ್ಷಗಳಿಂದ ನಾನು ಕೂದಲಿಗೆ ಬಣ್ಣವನ್ನಾಗಲಿ ಸ್ಟ್ರೇಟ್ನಿಂಗ್ ಕ್ರೀಮನ್ನಾಗಲಿ ಸೋಕಿಸಿಲ್ಲ. ಹಳೆಯ ಕೂದಲನ್ನೆಲ್ಲ ಕತ್ತರಿಸಿಯೂ ಆಗಿದೆ. ನನ್ನದು ಗುಂಗುರು ಕೂದಲು, ಎಳೆದು ಹಿಡಿದರೆ ಭುಜ ದಾಟುತ್ತದೆ. ಪೊರಾಸಿಟಿ, ಅಂದರೆ ಕೂದಲು ನೀರು ಹೀರುವ ಗುಣ, ತಿಳಿಯಬೇಕೆಂದು ಲೋಟದ ನೀರಿನಲ್ಲಿ ಒಂದು ಎಳೆ ಹಾಕಿ ನೋಡಿದೆ; ತೇಲಿದರೆ ಪೊರಾಸಿಟಿ ಕಡಿಮೆ, ಮುಳುಗಿದರೆ ಹೆಚ್ಚು ಎನ್ನುತ್ತಾರಲ್ಲ. ಒಂದು ದಿನ ತೇಲಿತು, ಇನ್ನೊಂದು ದಿನ ಮುಳುಗಿತು. ಬುಡದಲ್ಲಿ ಏನು ಹಚ್ಚಿದರೂ ಜಿಡ್ಡಾಗಿ ಮೇಲೆಯೇ ಕೂರುತ್ತದೆ, ತುದಿ ಮಾತ್ರ ಸದಾ ಒಣಗಿ ಸಿಕ್ಕಾಗುತ್ತದೆ. ರಾಸಾಯನಿಕ ಮುಟ್ಟದ ಕೂದಲಿನ ಪೊರಾಸಿಟಿ ಕಡಿಮೆಯೇ ಇರಬೇಕಲ್ಲವೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ಲೋಟದ ಪರೀಕ್ಷೆಯನ್ನು ಮೊದಲು ಬದಿಗಿಡಿ. ಕೂದಲಿನ ಸಾಂದ್ರತೆ ನೀರಿನ ಸುಮಾರು 1.3 ಪಟ್ಟು ಇರುವುದರಿಂದ ಪೂರ್ತಿ ಒದ್ದೆಯಾದ ಯಾವ ಎಳೆಯಾದರೂ ಮುಳುಗಲೇಬೇಕು. ಅದನ್ನು ಮೇಲೆ ಹಿಡಿದಿಡುವುದು ನೀರಿನ ಮೇಲ್ಮೈ ಸೆಳೆತ, ಎಳೆಗೆ ಅಂಟಿದ ಜಿಡ್ಡು ಮತ್ತು ಸಣ್ಣ ಗಾಳಿಗುಳ್ಳೆಗಳು. ಹಿಂದಿನ ದಿನ ಕಂಡಿಷನರ್ ಹಚ್ಚಿದ್ದೀರೋ ಬರೀ ಶಾಂಪೂ ಹಾಕಿದ್ದೀರೋ ಎಂಬುದರ ಮೇಲೆಯೇ ಫಲ ಬದಲಾಗುತ್ತದೆ. ನಾನು ಆ ಲೋಟವನ್ನು ನಂಬಿ, ನನ್ನ ಕೂದಲಿನ ಪೊರಾಸಿಟಿ ಹೆಚ್ಚೆಂದು ತಿಳಿದು, ಸುಮಾರು ಒಂದು ವರ್ಷ ವಾರ ವಾರವೂ ಬುಡದಿಂದ ತುದಿಯವರೆಗೆ ಪ್ರೋಟೀನ್ ಮಾಸ್ಕ್ ಹಚ್ಚಿದೆ. ಕೂದಲು ಬಿರುಸಾಗಿ, ಬಾಚುವಾಗ ತುಂಡು ತುಂಡಾಗಿ ಉದುರಲು ಆರಂಭಿಸಿದ ಮೇಲೆಯೇ ತಪ್ಪು ಅರಿವಾದದ್ದು.

ಕೂದಲೆಳೆಯ ಹೊರಕವಚವಾದ ಕ್ಯೂಟಿಕಲ್‌ನಲ್ಲಿ ಚಪ್ಪಟೆ ಕೋಶಗಳು ಮಾಡಿನ ಹಂಚುಗಳಂತೆ ಒಂದರ ಮೇಲೊಂದು ಒರಗಿರುತ್ತವೆ. ಬುಡದ ಬಳಿ ಇವು ಸಾಮಾನ್ಯವಾಗಿ 6ರಿಂದ 10 ಪದರಗಳಷ್ಟಿರುತ್ತವೆ. ಅವುಗಳ ಮೇಲ್ಮೈಗೆ ಅಂಟಿಕೊಂಡಿರುವ ಅತಿ ತೆಳ್ಳನೆಯ ಕೊಬ್ಬಿನ ಲೇಪವೇ ಹೊಸ ಕೂದಲಿನಲ್ಲಿ ನೀರನ್ನು ತಡೆಯುತ್ತದೆ. ಬ್ಲೀಚ್ ಈ ಲೇಪವನ್ನು ಒಮ್ಮೆಗೇ ಕಿತ್ತುಹಾಕುತ್ತದೆ ಎಂಬುದು ನಿಜ. ಆದರೆ ಬ್ಲೀಚ್ ಕಾಣದ ಕೂದಲಿನಲ್ಲಿಯೂ ಬಿಸಿಲು, ಬಾಚಣಿಗೆ, ದಿಂಬಿನ ಉಜ್ಜಾಟ, ಡ್ರೈಯರ್‌ನ ಬಿಸಿ ಇವೆಲ್ಲ ಸೇರಿ ಅದೇ ಕೆಲಸವನ್ನು ನಿಧಾನವಾಗಿ ಮಾಡುತ್ತವೆ. ಕೂದಲು ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರ್ ಬೆಳೆಯುವುದರಿಂದ ನಿಮ್ಮ ಬುಡದ ಕೂದಲಿಗೆ ಕೆಲವೇ ವಾರಗಳ ಪ್ರಾಯ, ತುದಿಗೆ ಮೂರು ವರ್ಷ. ಗುಂಗುರು ಕೂದಲಾದರೆ ಪ್ರತಿ ತಿರುವಿನಲ್ಲಿಯೂ ಸವೆತಕ್ಕೆ ಅವಕಾಶ ಹೆಚ್ಚು. ಆದ್ದರಿಂದ ನಿಮ್ಮ ಬುಡದ ಪೊರಾಸಿಟಿ ಕಡಿಮೆ, ತುದಿಯದು ಹೆಚ್ಚು ಎಂದೇ ನನಗೆ ತೋರುತ್ತದೆ. ಇಡೀ ತಲೆಗೆ ಒಂದೇ ಹೆಸರು ಕೊಡಲು ಹೊರಟಾಗ ನಾವು ಎಡವುತ್ತೇವೆ.

ಕಂಡಿಷನರ್, ಎಣ್ಣೆ ಏನೂ ಹಚ್ಚದೆ ಶಾಂಪೂ ಮಾತ್ರ ಹಾಕಿ ತೊಳೆದು, ಪೂರ್ತಿ ಒಣಗಿದ ಮೇಲೆ ಒಂದು ಎಸಳು ಕೂದಲನ್ನು ಬೆರಳ ಮೇಲೆ ಹರಡಿ ನೀರು ಸಿಂಪಡಿಸಿ ನೋಡಿ. ನನ್ನ ಬುಡದ ಕೂದಲಿನ ಮೇಲೆ ಹನಿಗಳು ಕೆಸುವಿನೆಲೆಯ ಮೇಲಿನ ನೀರಿನಂತೆ ದುಂಡಗೆ ನಿಂತವು. ಕೊನೆಯ ನಾಲ್ಕು ಬೆರಳಿನಷ್ಟು ಭಾಗದಲ್ಲಿ ಬಿದ್ದ ಹನಿ ಬಿದ್ದಲ್ಲೇ ಹರಡಿ, ಕೂದಲು ತಕ್ಷಣ ಕಪ್ಪಾಗಿ ಮೆತ್ತಗಾಯಿತು. ಇದೂ ಅಳತೆಗೋಲೇನಲ್ಲ, ಮೇಲ್ಮೈಯ ಸ್ಥಿತಿಯನ್ನಷ್ಟೇ ಹೇಳುತ್ತದೆ. ಆದರೂ ಒಂದೇ ಎಳೆಯ ಎರಡು ತುದಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಸಿಗುವ ಸುಳಿವು ಲೋಟ ಕೊಡುವುದಕ್ಕಿಂತ ಎಷ್ಟೋ ಮೇಲು.

ಈಗ ನಾನು ತಲೆ ತೊಳೆಯುವ ಕೆಲವು ಗಂಟೆ ಮೊದಲು ತುದಿಗೆ ಮಾತ್ರ ಕೊಬ್ಬರಿ ಎಣ್ಣೆ ಹಚ್ಚುತ್ತೇನೆ. ಒದ್ದೆಯಾದ ಕೂದಲು ಸುಮಾರು ಶೇ. 15ರಷ್ಟು ದಪ್ಪವಾಗುತ್ತದೆ, ಹಾಗೆ ಊದಿದಾಗ ಸವೆದ ಭಾಗದಿಂದ ಪ್ರೋಟೀನ್ ಸೋರಿಹೋಗುತ್ತದೆ. ಕೊಬ್ಬರಿ ಎಣ್ಣೆ ಎಳೆಯ ಒಳಕ್ಕೆ ಇಳಿಯಬಲ್ಲದಾದ್ದರಿಂದ ಈ ನಷ್ಟವನ್ನು ತಗ್ಗಿಸುತ್ತದೆ. ಮಿನರಲ್ ಆಯಿಲ್ ಮೇಲೆಯೇ ಉಳಿಯುತ್ತದೆ. ಹೋದ ಲೇಪವನ್ನು ಮಾತ್ರ ಯಾವ ಎಣ್ಣೆಯೂ ಮರಳಿಸದು. ನೆತ್ತಿಯಿಂದ ಹೊರಬಂದ ಕೂದಲಿನಲ್ಲಿ ಜೀವವಿಲ್ಲ, ಅದು ತಾನಾಗಿ ದುರಸ್ತಿಯಾಗುವುದಿಲ್ಲ.

ಎರಡನೆಯ ಉತ್ತರ

ನನ್ನ ಕೂದಲು ಬುಡದಿಂದ ಬಹುಪಾಲು ನೀರನ್ನೇ ಒಲ್ಲದ ಬಗೆಯದು. ಷವರ್ ಕೆಳಗೆ ನಿಂತು ಎರಡು ನಿಮಿಷವಾದರೂ ಒಳಪದರದ ಕೂದಲು ಒಣಗಿಯೇ ಇರುತ್ತದೆ, ಒಮ್ಮೆ ನೆನೆದರೆ ಆರಲು ಅರ್ಧ ದಿನ ಬೇಕು. ಇಂಥ ಕೂದಲಿಗೆ ತೆಳುವಾದ ಕಂಡಿಷನರನ್ನು ಸ್ವಲ್ಪವೇ ತೆಗೆದುಕೊಂಡು, ಕೂದಲು ಚೆನ್ನಾಗಿ ಒದ್ದೆಯಿರುವಾಗಲೇ ಹಚ್ಚಿ, ಬೆಚ್ಚನೆಯ ಟವೆಲ್ ಸುತ್ತಿ ಹತ್ತು ನಿಮಿಷ ಬಿಡುವುದು ನನಗೆ ಹಿಡಿಸಿದೆ. ದಪ್ಪ ಬೆಣ್ಣೆಯಂಥ ಕ್ರೀಮುಗಳು ನಿಮ್ಮ ಬುಡಕ್ಕೆ ಬೇಡವೇ ಬೇಡ.

ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕ್ಯೂಟಿಕಲ್ "ತೆರೆಯಲು" ಅಡುಗೆ ಸೋಡಾ ಹಚ್ಚಿ ಎಂಬ ಸಲಹೆ ನಿಮಗೂ ಬರಬಹುದು, ದಯವಿಟ್ಟು ಪಾಲಿಸಬೇಡಿ. ಸೋಡಾದ ದ್ರಾವಣದ ಪಿಎಚ್ 8ಕ್ಕಿಂತ ಮೇಲಿರುತ್ತದೆ. ಅಂಥ ಕ್ಷಾರದಲ್ಲಿ ಕೂದಲು ಹೆಚ್ಚು ಊದಿ, ಹೊರಪದರ ಒರಟಾಗಿ, ಎಳೆಗೆ ಎಳೆ ಉಜ್ಜಿಕೊಂಡು ಸಿಕ್ಕಾಗುತ್ತದೆ. ಪೊರಾಸಿಟಿ ಕಡಿಮೆಯಿರುವುದು ರೋಗವಲ್ಲ, ಕವಚ ಗಟ್ಟಿಯಾಗಿದೆ ಎಂಬುದರ ಗುರುತು. ಅದನ್ನು ಕೈಯಾರೆ ಹಾಳುಮಾಡಿಕೊಳ್ಳಬಾರದು.

ಮೂರನೆಯ ಉತ್ತರ

ನಿಮ್ಮ ನೀರು ಗಡಸೇ ಎಂಬುದನ್ನೂ ವಿಚಾರಿಸಿ. ಗಡಸು ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕೂದಲ ಮೇಲೆ ಕೂತರೆ ಮಂಕು, ಒರಟು, ಏನು ಹಚ್ಚಿದರೂ ಮೇಲೆ ನಿಂತಂತಾಗುವುದು ಇವೆಲ್ಲ ಕಾಣಿಸಿಕೊಳ್ಳುತ್ತವೆ. ನಾನು ಇದನ್ನೇ ಪೊರಾಸಿಟಿಯ ದೋಷವೆಂದು ಬಹಳ ಕಾಲ ನಂಬಿದ್ದೆ. ಇಡಿಟಿಎ ಇರುವ, ಖನಿಜ ತೆಗೆಯುವ ಶಾಂಪೂವನ್ನು ತಿಂಗಳಿಗೊಮ್ಮೆ ಬಳಸತೊಡಗಿದ ಮೇಲೆ ಅದೇ ಹಳೆಯ ಕಂಡಿಷನರ್ ಮತ್ತೆ ಹಿಡಿಯಿತು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ನಿನ್ನೆ ಶಾಂಪೂ ಮಾತ್ರ ಹಾಕಿ ತೊಳೆದು, ಒಣಗಿದ ಮೇಲೆ ನೀರು ಸಿಂಪಡಿಸಿ ನೋಡಿದೆ. ಕಿವಿಯ ಮಟ್ಟದವರೆಗೆ ಹನಿಗಳು ನಿಂತವು, ಅದರ ಕೆಳಗೆ ನಿಲ್ಲಲಿಲ್ಲ. ನೆತ್ತಿಯ ಮೇಲಿನ, ಸದಾ ಬಿಸಿಲಿಗೆ ಬೀಳುವ ಎಸಳಿನಲ್ಲಿ ಮಾತ್ರ ಹನಿಗಳು ಕಿವಿಯ ಮಟ್ಟಕ್ಕಿಂತ ಮೇಲಿನ ಭಾಗದಲ್ಲಿಯೂ ನಿಲ್ಲದೆ ಹರಡಿಕೊಂಡವು. ಈ ವಾರ ಎಣ್ಣೆಯನ್ನು ಆ ಎಸಳಿಗೂ ಕಿವಿಯಿಂದ ಕೆಳಗಿನ ಭಾಗಕ್ಕೂ ಮಾತ್ರ ಹಚ್ಚುತ್ತೇನೆ.