ಚಳಿಗಾಲದ ಮಳೆಯಲ್ಲಿ ಬೈಕ್ ಟ್ರೇಲ್ ಮೇಲೆ ನಿಲ್ಲುವ ನೀರು: ಎಷ್ಟು ಮಣ್ಣು ತುಂಬಿದರೂ ಕೊಚ್ಚೆ ಮರಳಿ ಬರುತ್ತಿದೆ

ಮಳೆಸವಾರ (ನಾರ್ತ್ ವ್ಯಾಂಕೂವರ್), ನವೆಂಬರ್ 16

ಎಲ್ಲರಿಗೂ ನಮಸ್ಕಾರ. ನನ್ನ ಊರು ಮೂಡಿಗೆರೆಯ ಹತ್ತಿರ. ಏಳು ವರ್ಷಗಳಿಂದ ಕೆನಡಾದ ಈ ಊರಿನಲ್ಲಿದ್ದೇನೆ. ಇಲ್ಲಿನ ಮೌಂಟ್ ಫ್ರೋಮ್ ಬೆಟ್ಟದ ಕೆಳಭಾಗದಲ್ಲಿರುವ ಒಂದು ಮೌಂಟನ್ ಬೈಕ್ (ಬೆಟ್ಟದಲ್ಲಿ ಓಡಿಸುವ ಸೈಕಲ್) ಹಾದಿಯ ಸುಮಾರು 40 ಮೀಟರ್ ತುಂಡನ್ನು, ಸ್ವಯಂಸೇವಕರ ಗುಂಪಿನ ಪರವಾಗಿ ಮತ್ತು ಡಿಸ್ಟ್ರಿಕ್ಟ್ ಆಡಳಿತದ ಅನುಮತಿಯೊಳಗೆ, ಈ ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ಸೆಪ್ಟೆಂಬರ್ ಕೊನೆಯವರೆಗೆ ಕಲ್ಲಿನಂತೆ ಗಟ್ಟಿಯಾಗಿದ್ದ ಈ ತುಂಡು, ಅಕ್ಟೋಬರಿನಲ್ಲಿ ಮಳೆ ಹಿಡಿದ ಮೇಲೆ ನಡುವೆ ಆರೇಳು ಮೀಟರ್ ಉದ್ದಕ್ಕೆ ಕೊಚ್ಚೆಯಾಗಿದೆ. ಸವಾರರು ಕೊಚ್ಚೆಯನ್ನು ತಪ್ಪಿಸಲು ಪಕ್ಕದ ಜರೀಗಿಡಗಳ ಮೇಲೆ ಬೈಕ್ ಓಡಿಸುತ್ತಿರುವುದರಿಂದ 60 ಸೆಂಟಿಮೀಟರ್ ಇದ್ದ ಹಾದಿ ಈಗ ಎರಡು ಮೀಟರಿಗೂ ಮೀರಿ ಅಗಲವಾಗಿದೆ.

ಇದುವರೆಗೆ ನಾನು ಮೂರು ಉಪಾಯಗಳನ್ನು ಮಾಡಿ ನೋಡಿದ್ದೇನೆ. ಮೊದಲು, ಹಾದಿಯ ಮೇಲ್ಬದಿಯಲ್ಲಿ ಎರಡು ಮೀಟರ್ ದೂರದಲ್ಲಿ ಗುಂಡಿ ತೋಡಿ, ಅಲ್ಲಿ ಸಿಕ್ಕಿದ ಕಪ್ಪು ಮಣ್ಣನ್ನೂ ಅದರ ಕೆಳಗಿನ ಕಂದು ಮಣ್ಣನ್ನೂ ಬೆರೆಸಿ ಕೊಚ್ಚೆಗೆ ತುಂಬಿದೆ; ಎರಡು ವಾರದಲ್ಲಿ ಅದು ಮೊದಲಿಗಿಂತ ಹೆಚ್ಚು ಕಲಕಿತು. ಆಮೇಲೆ ಹೊಳೆಯ ನುಣುಪು ಕಲ್ಲುಗಳನ್ನು ಸುರಿದೆ. ಅವು ಚಕ್ರದ ಕೆಳಗೆ ಉರುಳಿ ಪಕ್ಕಕ್ಕೆ ಹೋದವು, ಉಳಿದವು ಕೆಸರಿನೊಳಗೆ ಮುಳುಗಿದವು. ಕೊನೆಗೆ ನೀರನ್ನು ತಿರುಗಿಸಲೆಂದು ಒಂದು ಮರದ ದಿಮ್ಮಿಯನ್ನು ಹಾದಿಗೆ ಅಡ್ಡಲಾಗಿ ಹೂತೆ. ಅದರ ಹಿಂದೆ ಒಂದೇ ಮಳೆಗೆ ಹೂಳು ತುಂಬಿತು. ಸಾಲದ್ದಕ್ಕೆ, ಅದು ಒದ್ದೆಯಾದಾಗ ಚಕ್ರ ಜಾರುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಒಣಹಾದಿ (ಸ್ಯಾನ್ ಹೋಸೆ), ನವೆಂಬರ್ 16

ಹಾದಿಯನ್ನು ಮುಚ್ಚಿಬಿಡಿ ಎಂಬುದು ನನ್ನ ಸಲಹೆ. ನಮ್ಮ ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕಣಿವೆಯ ಸುತ್ತಲಿನ ಹಲವು ಉದ್ಯಾನಗಳಲ್ಲಿ ದೊಡ್ಡ ಮಳೆ ಬಿದ್ದ ಕೂಡಲೇ ಸೈಕಲ್ ಹಾದಿಗಳ ಗೇಟಿಗೆ ಬೀಗ ಬೀಳುತ್ತದೆ. ಇಲ್ಲಿನದು ಅಂಟು ಮಣ್ಣು. ಹಸಿಯಿದ್ದಾಗ ಒಬ್ಬ ಸವಾರ ಹೋದರೂ ಅವನ ಚಕ್ರದ ಗೆರೆ ಬೇಸಿಗೆಯಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗಿ, ವರ್ಷವಿಡೀ ನೀರನ್ನು ತನ್ನೊಳಗೇ ಹರಿಸಿಕೊಂಡು ಹೋಗುತ್ತದೆ.

ಹಳೆಗುದ್ದಲಿ (ಸ್ಕ್ವಾಮಿಷ್), ನವೆಂಬರ್ 17

ಒಣಹಾದಿಯವರೇ, ನಿಮ್ಮ ಮಣ್ಣಿಗೆ ನಿಮ್ಮ ಮಾತು ಸರಿ. ಆದರೆ ವ್ಯಾಂಕೂವರಿನ ವಿಮಾನ ನಿಲ್ದಾಣದಲ್ಲಿ ವರ್ಷಕ್ಕೆ ಸುಮಾರು 1,200 ಮಿಲಿಮೀಟರ್ ಮಳೆಯಾದರೆ ಮಳೆಸವಾರರ ಊರಿರುವ ನಾರ್ತ್ ಶೋರ್ ಬೆಟ್ಟಗಳ ಬುಡದಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು ಸುರಿಯುತ್ತದೆ, ಅದರಲ್ಲಿ ಬಹುಪಾಲು ಅಕ್ಟೋಬರಿನಿಂದ ಮಾರ್ಚಿನೊಳಗೆ. ಮಳೆಗೆ ಹೆದರಿ ಮುಚ್ಚಿದರೆ ಅರ್ಧ ವರ್ಷ ಮುಚ್ಚಬೇಕಾಗುತ್ತದೆ. ಆದ್ದರಿಂದ ಇಲ್ಲಿ ಹಾದಿಯನ್ನೇ ಮಳೆಗೆ ತಕ್ಕಂತೆ ಕಟ್ಟುವುದು ರೂಢಿ.

ಮಳೆಸವಾರರೇ, ನಿಮ್ಮ ಮೂರು ಉಪಾಯಗಳೂ ಕೆಸರಿಗೆ ಮಾಡಿದ ಚಿಕಿತ್ಸೆ. ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ಒಂದೂ ಕೇಳಿಲ್ಲ. ಇಲ್ಲಿನ ನೆಲವನ್ನು ಮೊದಲು ಅರ್ಥ ಮಾಡಿಕೊಳ್ಳಿ. ಮೇಲೆ ಇರುವುದು ತರಗೆಲೆ, ಸೂಜಿಯೆಲೆ, ಕೊಳೆತ ಮರ ಸೇರಿ ಆದ ಕಪ್ಪು ಪದರ. ಅದು ಸ್ಪಂಜಿನಂತೆ ನೀರು ಹಿಡಿಯುತ್ತದೆ, ತುಳಿದಷ್ಟೂ ಅಂಬಲಿಯಾಗುತ್ತದೆ. ಅದರ ಕೆಳಗಿನ ಕಂದು ಮಣ್ಣು ಮರಳು, ಗರಸು, ಸ್ವಲ್ಪ ಜೇಡಿ ಬೆರೆತದ್ದು; ದಮ್ಮಸು ಮಾಡಿದರೆ ಗಟ್ಟಿಯಾಗಿ ಕೂರುತ್ತದೆ. ಇಲ್ಲಿನ ಹಾದಿ ಕಟ್ಟುವವರು ಅದನ್ನು ಚಿನ್ನವೆಂದೇ ಕರೆಯುತ್ತಾರೆ. ಇನ್ನೂ ಕೆಳಗೆ ಹಿಮನದಿಗಳು ಒತ್ತಿ ಬಿಟ್ಟುಹೋದ ಗಟ್ಟಿ ಪದರವಿದೆ, ಅದರೊಳಗೆ ನೀರು ಇಳಿಯುವುದು ಬಹಳ ನಿಧಾನ. ಹೀಗಾಗಿ ಬಿದ್ದ ಮಳೆ ಆ ಪದರದ ನೆತ್ತಿಯ ಮೇಲೆಯೇ ಇಳಿಜಾರಿನಲ್ಲಿ ಸಾಗಿ, ನೀವು ಹಾದಿಗಾಗಿ ಬೆಟ್ಟವನ್ನು ಕೊರೆದ ಕಡೆ ದರೆಯಿಂದ ಹೊರಗೆ ಒಸರುತ್ತದೆ. ನೀವು ಕಪ್ಪು ಮಣ್ಣನ್ನು ಕಂದು ಮಣ್ಣಿನೊಂದಿಗೆ ಬೆರೆಸಿದ್ದು ಚಿನ್ನಕ್ಕೆ ಹೊಟ್ಟು ಬೆರೆಸಿದಂತಾಯಿತು.

ಈಗ ಅಳತೆಗಳು ಬೇಕು. ಬೆಟ್ಟದ ಇಳಿಜಾರು ಶೇಕಡಾ ಎಷ್ಟು, ಹಾದಿಯ ಇಳಿಜಾರು ಎಷ್ಟು? ಹಾದಿಯ ಇಳಿಜಾರು ಬೆಟ್ಟದ ಇಳಿಜಾರಿನ ಅರ್ಧವನ್ನು ಮೀರಬಾರದು ಎಂಬುದು ಇಂಟರ್‌ನ್ಯಾಷನಲ್ ಮೌಂಟನ್ ಬೈಸಿಕ್ಲಿಂಗ್ ಅಸೋಸಿಯೇಷನ್ ಹೇಳುವ ನಿಯಮ. ಮೀರಿದರೆ ನೀರು ಹಾದಿಯನ್ನು ಅಡ್ಡ ದಾಟುವ ಬದಲು ಹಾದಿಯನ್ನೇ ಕಾಲುವೆ ಮಾಡಿಕೊಳ್ಳುತ್ತದೆ. ಇನ್ನೊಂದು: ಹೊರ ಅಂಚಿಗೆ ಎಷ್ಟು ವಾಟ ಇದೆ? ಶೇಕಡಾ 5 ಇರಬೇಕು, ಅಂದರೆ 60 ಸೆಂಟಿಮೀಟರ್ ಅಗಲಕ್ಕೆ 3 ಸೆಂಟಿಮೀಟರ್. ರಸಮಟ್ಟ ಇಟ್ಟು ನೋಡಿ, ಕಣ್ಣಳತೆಯನ್ನು ನಂಬಬೇಡಿ.

ಮಳೆಸವಾರ, ನವೆಂಬರ್ 18

ಅಳೆದು ನೋಡಿದೆ. ಬೆಟ್ಟ ಶೇಕಡಾ 22, ಹಾದಿ ಶೇಕಡಾ 14; ಅರ್ಧದ ನಿಯಮದಂತೆ 11 ದಾಟಬಾರದಿತ್ತು. ವಾಟ ಹೊರಗಿಲ್ಲ, ನಡುಭಾಗ ಸವೆದು ಬಾಣಲೆಯಂತಾಗಿದೆ, ಹೊರ ಅಂಚಿನಲ್ಲಿ ಚಕ್ರಗಳು ತಳ್ಳಿದ ಮಣ್ಣು ಸುಮಾರು 10 ಸೆಂಟಿಮೀಟರ್ ಎತ್ತರದ ಬದುವಾಗಿ ನಿಂತಿದೆ. ಇಷ್ಟು ದಿನ ಆ ಬದುವನ್ನು ಹಾದಿಗೆ ಆಸರೆಯೆಂದು ತಿಳಿದು ನಾನೇ ತಟ್ಟಿ ಗಟ್ಟಿಮಾಡುತ್ತಿದ್ದೆ ಎಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.

ತೋಟದಮನೆ (ಸಕಲೇಶಪುರ), ನವೆಂಬರ್ 19

ನಾನು ಕಾಫಿ ಬೆಳೆಗಾರ. ತೋಟದ ರಸ್ತೆಗಳಲ್ಲಿ ಮಾತ್ರ ಸೈಕಲ್ ಹೊಡೆಯುವವನು. ಆದರೂ ಇಳಿಜಾರು ನೆಲದ ನೀರಿನ ವಿಷಯವಾದ್ದರಿಂದ ಎರಡು ಮಾತು ಹೇಳುತ್ತೇನೆ. ಮಳೆ ನಿಂತು ಎಷ್ಟು ಹೊತ್ತಿನ ಮೇಲೆ ನಿಮ್ಮ ಕೊಚ್ಚೆಗೆ ನೀರು ಬರುವುದು ನಿಲ್ಲುತ್ತದೆ? ಒಂದೆರಡು ಗಂಟೆಯಲ್ಲಿ ನಿಂತರೆ ಅದು ಮೇಲ್ಮೈಯಲ್ಲಿ ಹರಿದು ಬಂದದ್ದು. ಎರಡು ದಿನವಾದರೂ ತೊಟ್ಟಿಕ್ಕುತ್ತಿದ್ದರೆ ಅದು ಒಸರು. ಎರಡಕ್ಕೂ ಮದ್ದು ಬೇರೆ.

ಎರಡನೆಯದು, ನೀವು ಮಣ್ಣು ತೆಗೆದ ಆ ಗುಂಡಿಯ ವಿಷಯ. ನಮ್ಮ ಕಡೆ ಕಾಫಿ ಸಾಲುಗಳ ನಡುವೆ ತೊಟ್ಟಿಲು ಗುಂಡಿ ತೆಗೆಯುವುದು ಹರಿಯುವ ನೀರನ್ನು ತಡೆದು ನೆಲಕ್ಕೆ ಇಂಗಿಸಲೆಂದೇ, ಅದರ ತೇವ ಕೆಳಗಿನ ಗಿಡಕ್ಕೆ ಸಿಗಲೆಂದೇ. ನೀವು ಹಾದಿಯ ಮೇಲ್ಬದಿಯಲ್ಲಿ ಗುಂಡಿ ತೋಡಿ, ಗೊತ್ತಿಲ್ಲದೆ ಹಾದಿಗೆ ತೊಟ್ಟಿಲು ಗುಂಡಿ ಮಾಡಿಕೊಟ್ಟಿದ್ದೀರೇನೋ ಎಂಬ ಅನುಮಾನ ನನಗಿದೆ. ಜೋರು ಮಳೆ ಬರುವಾಗಲೇ ಕೊಡೆ ಹಿಡಿದು ಹೋಗಿ ನೋಡಿ. ಬಿಸಿಲಿನಲ್ಲಿ ನೋಡಿದರೆ ನೀರಿನ ದಾರಿ ತಿಳಿಯುವುದಿಲ್ಲ.

ಮಳೆಸವಾರ, ನವೆಂಬರ್ 23

ತೋಟದಮನೆಯವರೇ, ನಿಮಗೆ ಅಡ್ಡಬಿದ್ದೆ. ಶನಿವಾರ ಸುರಿಯುವ ಮಳೆಯಲ್ಲೇ ಎರಡು ಗಂಟೆ ಅಲ್ಲಿ ನಿಂತಿದ್ದೆ. ಗುಂಡಿ ಸುಮಾರು 60 ಸೆಂಟಿಮೀಟರ್ ಆಳವಿದ್ದು, ತಳದಲ್ಲಿ ಹಳೆಗುದ್ದಲಿಯವರು ಹೇಳಿದ ಗಟ್ಟಿ ಪದರವೇ ಕಾಣಿಸುತ್ತದೆ. ಅದು ಕಂಠದವರೆಗೆ ತುಂಬಿ, ಕೆಳಗಿನ ದರೆಯಲ್ಲಿ ಮೂರು ಕಡೆಯಿಂದ ನೀರು ಜಿನುಗುತ್ತಿತ್ತು. ಇನ್ನೊಂದು ದಾರಿಯೂ ಸಿಕ್ಕಿತು. ಕೊಚ್ಚೆಗಿಂತ 25 ಮೀಟರ್ ಮೇಲೆ, ನೂರು ವರ್ಷದ ಹಿಂದೆ ದಿಮ್ಮಿ ಎಳೆಯುತ್ತಿದ್ದ ಹಳೆಯ ರಸ್ತೆಯೊಂದು ಹಾದಿಯನ್ನು ಸೇರುತ್ತದೆ. (ಪಕ್ಕದಲ್ಲೇ ಆ ಕಾಲದ ದೊಡ್ಡ ಸೀಡರ್ ಬುಡವಿದೆ, ಮರ ಕಡಿಯುವವರು ಹಲಗೆ ಸಿಕ್ಕಿಸಿ ನಿಲ್ಲಲು ಮಾಡಿಕೊಂಡ ಕಚ್ಚು ಇನ್ನೂ ಕಾಣುತ್ತದೆ.) ಆ ರಸ್ತೆಯ ನೀರೆಲ್ಲ ಹಾದಿಗೆ ಇಳಿದು, ಬದುವಿನ ದೆಸೆಯಿಂದ ಹೊರಗೆ ಹೋಗಲಾಗದೆ, ನೇರ ಕೊಚ್ಚೆಗೆ ಬಂದು ಸೇರುತ್ತದೆ. ಸೋಮವಾರ, ಅಂದರೆ ಮಳೆ ನಿಂತು ಒಂದೂವರೆ ದಿನವಾದ ಮೇಲೆ, ಮೇಲಿನಿಂದ ಹರಿವು ಇರಲಿಲ್ಲ. ದರೆ ಮಾತ್ರ ಇನ್ನೂ ಒಸರುತ್ತಿತ್ತು.

ಹಳೆಗುದ್ದಲಿ, ನವೆಂಬರ್ 24

ಎರಡು ಗಂಟೆ ಮಳೆಯಲ್ಲಿ ನಿಂತದ್ದು ಎರಡು ತಿಂಗಳ ಗುದ್ದಲಿ ಕೆಲಸವನ್ನು ಉಳಿಸಿತು. ಕೆಲಸವನ್ನು ಮೇಲಿನಿಂದ ಕೆಳಕ್ಕೆ ಮಾಡುತ್ತ ಬನ್ನಿ. ಕೊಚ್ಚೆಯನ್ನು ಕೊನೆಗೆ ಮುಟ್ಟಿ.

ಹಳೆಯ ರಸ್ತೆ ಸೇರುವ ಜಾಗದಿಂದ ಸ್ವಲ್ಪ ಕೆಳಗೆ ಹೊರ ಬದುವನ್ನು ಪೂರ್ತಿ ಕಡಿದು, ಹಾದಿಯ ಮೈಯನ್ನು ಅರ್ಧಚಂದ್ರಾಕಾರವಾಗಿ, ಮೂರು ಮೀಟರ್ ಉದ್ದಕ್ಕೆ, ಹೊರಕ್ಕೆ ಇಳಿಯುವಂತೆ ಕೆತ್ತಿ. ಇಲ್ಲಿನವರು ಇದಕ್ಕೆ ನಿಕ್ ಎನ್ನುತ್ತಾರೆ. ಸಣ್ಣ ಬಾಯಿ ಮಾಡಿದರೆ ಎರಡು ದಿನದಲ್ಲಿ ಎಲೆ ಕಟ್ಟಿಕೊಳ್ಳುತ್ತದೆ. ಧಾರಾಳವಾಗಿ ಅಗಲ ಮಾಡಿ, ಸವಾರನಿಗೆ ಅದು ಇದೆಯೆಂದೇ ತಿಳಿಯಬಾರದು. ಅಲ್ಲಿಂದ ಕೆಳಗೆ ಹತ್ತು ಹನ್ನೆರಡು ಮೀಟರಿಗೆ ಒಂದರಂತೆ ಇಳಿಜಾರಿನ ನಡುವೆ ಸಣ್ಣ ಏರು ಕೊಡಿ. ಗ್ರೇಡ್ ರಿವರ್ಸಲ್ ಎಂದರೆ ಇಷ್ಟೇ: ನೀರಿಗೆ ಏರು ಹತ್ತಲು ಬಾರದು, ಆದ್ದರಿಂದ ಅದು ತಗ್ಗಿನಲ್ಲೇ ಹೊರಗೆ ಹೋಗುತ್ತದೆ. ಶೇಕಡಾ 14ರ ಹಾದಿಯನ್ನು ಬೇರೆ ಕಡೆ ತಿರುಗಿಸಲು ನಿಮಗೆ ಅನುಮತಿ ಇರಲಾರದು. ಇರುವ ಹಾದಿಯಲ್ಲಿ ಇದೇ ದಾರಿ. ಅಡ್ಡ ದಿಮ್ಮಿಯನ್ನು ಕಿತ್ತುಹಾಕಿ. ಹೊರಬಿಟ್ಟ ನೀರು ನೇರ ತೊರೆಗೆ ಇಳಿಯದಂತೆ ಜರೀಗಿಡಗಳಿರುವ ಸಮನೆಲಕ್ಕೆ ಬಿಡಿ; ಕೆಳಗಿನ ತೊರೆಗಳಲ್ಲಿ ಸಾಲ್ಮನ್ ಮೊಟ್ಟೆಯಿಡುತ್ತವೆ, ಹೂಳು ಆ ಮೊಟ್ಟೆಗಳ ಉಸಿರು ಕಟ್ಟಿಸುತ್ತದೆ.

ಆಮೇಲೆ ಗುಂಡಿ. ಅದನ್ನು ಪದರಪದರವಾಗಿ ತುಂಬಿ, ಪ್ರತಿ ಪದರವನ್ನೂ ದಮ್ಮಸು ಮಾಡಿ, ಮೇಲೆ ಆಮೆಬೆನ್ನಿನ ಹಾಗೆ ಉಬ್ಬು ಬಿಟ್ಟು ತರಗೆಲೆ ಹೊದಿಸಿ. ಇನ್ನು ಮುಂದೆ ಮಣ್ಣು ಬೇಕಾದರೆ ಹಾದಿಯ ಕೆಳಬದಿಯಲ್ಲಿ, ಕಣ್ಣಿಗೆ ಕಾಣದಷ್ಟು ದೂರದಲ್ಲಿ ತೆಗೆಯಿರಿ.

ಒಸರು ಮಾತ್ರ ನಿಲ್ಲುವುದಿಲ್ಲ, ನಿಲ್ಲಿಸಲೂ ಹೋಗಬೇಡಿ. ಅದಕ್ಕೆ ಕಲ್ಲು ಹಾಸಬೇಕು. ಕೊಚ್ಚೆಯ ಅಂಬಲಿಯನ್ನೆಲ್ಲ ಗಟ್ಟಿ ನೆಲ ಸಿಗುವವರೆಗೆ ತೋಡಿ ತೆಗೆದು, ಮೂಲೆಗಳಿರುವ ಒರಟು ಕಲ್ಲುಗಳನ್ನು ಚಪ್ಪಟೆ ಮುಖ ಮೇಲಾಗಿ ಇಡಿ. ಕಲ್ಲಿನ ಮುಕ್ಕಾಲು ಪಾಲು ನೆಲದೊಳಗಿರಲಿ, ನಿಂತು ಕುಣಿದರೂ ಅಲುಗಬಾರದು. ಕೆಳತುದಿಯಲ್ಲಿ ಅತಿ ದೊಡ್ಡ ಕಲ್ಲನ್ನು ಮೊದಲು ಕೂರಿಸಿ, ಉಳಿದವನ್ನು ಅದಕ್ಕೆ ಆನಿಸುತ್ತ ಮೇಲಕ್ಕೆ ಬನ್ನಿ. ಸಂದುಗಳಿಗೆ ಚಕ್ಕೆ ಕಲ್ಲು ಬಡಿದು ಬಿಗಿ ಮಾಡಿ. ನಡುವೆ ಒಂದು ಕಡೆ ಎರಡು ಬೆರಳು ತಗ್ಗು ಬಿಟ್ಟರೆ ಒಸರು ಅಲ್ಲಿಂದಲೇ ದಾಟುತ್ತದೆ. ಹೊಳೆಗಲ್ಲು ಮನೆಯ ತೋಟದ ಅಂದಕ್ಕೆ ಇರಲಿ.

ಒಣಹಾದಿ, ನವೆಂಬರ್ 24

ಒಸರಿನ ಮೇಲೆ ಮರದ ಸೇತುವೆ ಕಟ್ಟುವುದು ಸುಲಭವಲ್ಲವೇ? ನಾರ್ತ್ ಶೋರ್ ಎಂದರೆ ಹೊರಗಿನವರಾದ ನಮಗೆ ನೆನಪಾಗುವುದೇ ಏಣಿಯಂಥ ಆ ಸೇತುವೆಗಳು. ಇಷ್ಟು ಮಣ್ಣು ಕೆಲಸವನ್ನು ಬೇಸಿಗೆಗೆ ಇಟ್ಟುಕೊಳ್ಳಬಾರದೇ ಎಂಬ ಪ್ರಶ್ನೆಯೂ ಇದೆ.

ಹಳೆಗುದ್ದಲಿ, ನವೆಂಬರ್ 25

ಆ ಸೇತುವೆಗಳು ಹುಟ್ಟಿದ್ದೇ ಇಂಥ ಕೊಚ್ಚೆಗಳನ್ನು ದಾಟಲು. ಬಿದ್ದ ಸೀಡರ್ ಮರ ಕಾಡಿನಲ್ಲೇ ಸಿಗುತ್ತಿತ್ತು, ಸೀಳುವುದೂ ಸುಲಭವಾಗಿತ್ತು. ಆದರೆ ಸೀಡರ್ ಕೂಡ ಕೊನೆಗೆ ಕೊಳೆಯುತ್ತದೆ, ಪಾಚಿ ಹಿಡಿದರೆ ಜಾರುತ್ತದೆ, ತಂತಿ ಬಲೆ ಹೊಡೆದರೆ ಅದೂ ಸವೆಯುತ್ತದೆ. ಆರೇಳು ಮೀಟರಿಗೆ, ಅದೂ ಕಲ್ಲು ಹತ್ತಿರದಲ್ಲೇ ಸಿಗುವಾಗ, ನಾನು ಸೇತುವೆಗೆ ಕೈ ಹಾಕುವುದಿಲ್ಲ.

ಕೆಲಸದ ಕಾಲದ ಬಗ್ಗೆ: ಬೇಸಿಗೆಯಲ್ಲಿ ಈ ಮಣ್ಣು ಹಿಟ್ಟಿನಂತಾಗಿ ದಮ್ಮಸಿಗೆ ಕೂರುವುದೇ ಇಲ್ಲ. ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿದಾಗ ಉಂಡೆಯಾಗಿ ನಿಂತು, ಬೆರಳ ಸಂದಿನಿಂದ ನೀರು ಇಳಿಯದಿದ್ದರೆ ಅದೇ ಸರಿಯಾದ ಹದ. ಅಂಥ ದಿನಗಳು ಚಳಿಗಾಲದ ಮಳೆಗಳ ನಡುವೆಯೂ ಸಿಗುತ್ತವೆ. ನೆಲ ಹೆಪ್ಪುಗಟ್ಟಿದ ದಿನ ಮಾತ್ರ ಮಣ್ಣು ಮುಟ್ಟಬೇಡಿ: ಬೆಳಿಗ್ಗೆ ಗಟ್ಟಿಯೆಂದು ಕಂಡದ್ದು ಮಧ್ಯಾಹ್ನ ಕರಗಿ ಕೆಸರಾಗುತ್ತದೆ. ಆ ದಿನಗಳಲ್ಲಿ ಕಲ್ಲು ಹೊತ್ತು ತಂದು ರಾಶಿ ಹಾಕಿಕೊಳ್ಳಿ.

ಮಳೆಸವಾರ, ಫೆಬ್ರುವರಿ 9

ತಡವಾಗಿ ವರದಿ ಕೊಡುತ್ತಿದ್ದೇನೆ, ಕ್ಷಮೆಯಿರಲಿ. ನಕ್ಷೆ ಬರೆದು ಗುಂಪಿನ ಹಿರಿಯರ ಒಪ್ಪಿಗೆ ಪಡೆದು, ಡಿಸೆಂಬರಿನಲ್ಲಿ ನಿಕ್ ಮತ್ತು ಎರಡು ಏರುಗಳನ್ನು ಮುಗಿಸಿದೆವು. ಅಷ್ಟಕ್ಕೇ ಕೊಚ್ಚೆ ಅರ್ಧಕ್ಕೆ ಇಳಿಯಿತು. ಗುಂಡಿ ತುಂಬಿದ ಮೇಲೆ ದರೆಯ ಮೂರು ಒಸರುಗಳಲ್ಲಿ ಎರಡು ನಿಂತವು. ಮೂರನೆಯದು ಬೆಟ್ಟದ್ದೇ ಇರಬೇಕು. ಕಲ್ಲು ಹಾಸಲು ನಾಲ್ಕು ಜನರಿಗೆ ಮೂರು ಭಾನುವಾರ ಹಿಡಿಯಿತು. ಮೊದಲ ಭಾನುವಾರ ಹಾಸಿದ್ದರಲ್ಲಿ ಎರಡು ಕಲ್ಲು ಅಲುಗಿದವು. ಕಿತ್ತು ಮತ್ತೆ ಕೂರಿಸಿದೆವು. ಅಗಲವಾಗಿದ್ದ ಪಕ್ಕದ ಜಾಗಕ್ಕೆ ಬಿದ್ದ ಕೊಂಬೆಗಳನ್ನು ಅಡ್ಡ ಹಾಕಿದ್ದೇವೆ. ಈಗ ಹೆಚ್ಚಿನವರು ಕಲ್ಲಿನ ಮೇಲೇ ಹೋಗುತ್ತಾರೆ.

ಒಂದು ತೊಂದರೆ ಉಳಿದಿದೆ. ಕಲ್ಲುಹಾಸು ಮುಗಿಯುವ ಕೆಳತುದಿಯಲ್ಲಿ ಸವಾರರು ಬ್ರೇಕ್ ಹಿಡಿಯುವುದರಿಂದ ಅರ್ಧ ಮೀಟರಿನಷ್ಟು ಮಣ್ಣು ಕಿತ್ತು ಸಣ್ಣ ತಗ್ಗು ಬೀಳುತ್ತಿದೆ. ಕಲ್ಲನ್ನು ಇನ್ನೊಂದು ಮೀಟರ್ ಮುಂದುವರಿಸಲೇ, ಅಥವಾ ಬ್ರೇಕ್ ಹಿಡಿಯುವ ಅಗತ್ಯವೇ ಬಾರದಂತೆ ಅದರ ಮೇಲಿನ ತಿರುವನ್ನು ಸಡಿಲಿಸಲೇ?

ಹಳೆಗುದ್ದಲಿ, ಫೆಬ್ರುವರಿ 10

ತಿರುವು. ಕಲ್ಲನ್ನು ಮುಂದುವರಿಸಿದರೆ ತಗ್ಗೂ ಅದರ ಹಿಂದೆಯೇ ಒಂದು ಮೀಟರ್ ಮುಂದಕ್ಕೆ ಹೋಗುತ್ತದೆ, ಅಷ್ಟೇ. ತಿರುವಿನ ಅಳತೆ ಕಳುಹಿಸಿ. ಈ ಶನಿವಾರ ಮಳೆಯಿದೆಯಂತೆ, ನಾನೇ ಬಂದು ನೋಡುತ್ತೇನೆ.